ಇಪ್ಪತ್ತನೆಯ ಹಂತ

ಗ್ರೀನ್ ಬೇ, ವಿಸ್ಕಾನ್ಸಿನ್
ಮಾರ್ಚ್ 19, ಮಂಗಳವಾರ

ಪ್ರೀತಿಯ ವೆಂಡೆಲ್,

ಶನಿವಾರ ನಿನ್ನ ಶಾಲೆಯಿಂದ ನಿನಗೆ ಹೇಳದೆ ಹೊರಟು ಬಂದೆ. ನನಗೆ ತಲೆನೋವು ಎಂದು ನಿಮ್ಮ ಪ್ರಿನ್ಸಿಪಾಲರಿಗೆ ಹೇಳಿದ್ದು ಸುಳ್ಳು. ಮಕ್ಕಳ ಮಷೀನು ಸ್ಪರ್ಧೆಯಲ್ಲಿ ಬಹುಮಾನ ಯಾರಿಗೆ ಬಂತೆಂದೂ ನನಗೆ ಗೊತ್ತಿಲ್ಲ. ತೀರ್ಪುಗಾರಳಾಗಿ ಕರೆಸಿಕೊಂಡವಳು ಅರ್ಧದಲ್ಲೇ ಎದ್ದು ಹೋದಳಲ್ಲ ಎಂದು ಮಕ್ಕಳು ಕೇಳಿರಬೇಕು. ನೀನು ಏನೋ ಒಂದು ಹೇಳಿ ನನ್ನ ಮಾನ ಉಳಿಸಿರುತ್ತೀಯ, ಅದು ನನಗೆ ಗೊತ್ತು.

ನೀನು ಕರೆದಾಗ ಎರಡು ವಾರ ಉತ್ತರ ಕೊಡಲಿಲ್ಲ. ಕೊನೆಗೆ ಬಂದೆ. ಏಳು ವರ್ಷವಾಯಿತಲ್ಲ, ಈಗ ಎದುರಿಗೆ ಕೂತರೆ ಏನೂ ಅನ್ನಿಸಲಿಕ್ಕಿಲ್ಲ ಎಂದುಕೊಂಡಿದ್ದೆ. ನಿನ್ನ ತಲೆಗೂದಲು ಆಗಲೇ ತೆಳ್ಳಗಾಗಿದೆ. ಮಕ್ಕಳು ನಿನ್ನ ಸುತ್ತ ಮುತ್ತುವುದನ್ನು, ನೀನು ಒಬ್ಬೊಬ್ಬರ ಹೆಸರು ಹಿಡಿದು ಗದರುವುದನ್ನು ನೋಡುತ್ತ ಖುಷಿಯಾಗಿಯೇ ಕೂತಿದ್ದೆ. ಶೂ ಡಬ್ಬ, ಗೋಲಿ, ಇಲಿಬೋನು, ಯಾರದೋ ತಂಗಿಯ ಬೊಂಬೆ, ಎಲ್ಲವನ್ನೂ ಸಾಲಾಗಿ ಜೋಡಿಸಿ, ಒಂದು ಬಿದ್ದರೆ ಇನ್ನೊಂದು ಬೀಳುವಂತೆ ಕಟ್ಟಿದ್ದರು. ಆಮೇಲೆ ನೀನು ಕುರ್ಚಿ ಹತ್ತಿ ಎಡಗೈ ಎತ್ತಿದೆ.

"ನೋಡ್ರೋ, ಈ ಎರಡು ಬೆರಳು ಮಡಚೋಕೆ ಬರಲ್ಲ. ಯಾಕೆ ಗೊತ್ತಾ? ಒಂದು ಪಿನ್ ಹಾಕೋದು ಮರ್ತೆ, ಅದಕ್ಕೆ."

ಮುಂದಿನ ಸಾಲಿನ, ಹಲ್ಲಿಗೆ ತಂತಿ ಹಾಕಿಸಿಕೊಂಡ ಹುಡುಗಿ ಕೇಳಿದಳು, "ಮರ್ತಿದ್ದು ನೀವೇನಾ ಸಾರ್?"

"ನಾನೇ ಕಣಮ್ಮ. ಮಷೀನೂ ನಂದೇ, ಪಿನ್ನೂ ನಂದೇ, ಬೆರಳೂ ನಂದೇ. ಬೇರೆಯೋರ ತಲೆ ಮೇಲೆ ಹಾಕೋಣ ಅಂದ್ರೆ ಏನೂ ಉಳಿದಿರ್ಲಿಲ್ಲ."

ಎಲ್ಲರೂ ನಕ್ಕರು. ನೀನು ನಿನ್ನ ಅಪ್ಪನ ಕಥೆ ಶುರು ಮಾಡಿದೆ. ಸಾಯುವ ತನಕ, ಅಂದರೆ ಹೋದ ಅಕ್ಟೋಬರ್ ತನಕ, ನೀನು ಅಡುಗೆಮನೆಯಲ್ಲಿ ಡಬ್ಬಿ ಕೊರೆಯಲು ಹೋದರೂ ಅವರು ಕೂತಲ್ಲಿಂದಲೇ "ಪಿನ್ ಹಾಕಿದ್ಯೇನಪ್ಪಾ?" ಎಂದು ಕೂಗುತ್ತಿದ್ದರಂತೆ. ಮಕ್ಕಳು ಇನ್ನೂ ಜೋರಾಗಿ ನಕ್ಕರು. ಅವರು ತೀರಿಕೊಂಡದ್ದು ನನಗೆ ಗೊತ್ತಾದದ್ದೇ ಆ ನಗುವಿನ ನಡುವೆ.

ಅಷ್ಟಕ್ಕೇ ನಿಲ್ಲಿಸಿದ್ದರೂ ನಾನು ತಡೆದುಕೊಳ್ಳುತ್ತಿದ್ದೆನೋ ಏನೋ. ನೀನು ನನ್ನ ಕಡೆ ಕೈ ತೋರಿಸಿದೆ. "ಅವತ್ತು ತನ್ನ ಸ್ಕಾರ್ಫ್ ಬಿಚ್ಚಿ ನನ್ನ ಕೈಗೆ ಬಿಗಿಯಾಗಿ ಸುತ್ತಿದ್ದು ಇವರೇ. ಇವರಿಲ್ದಿದ್ರೆ ಬೆರಳೇ ಇರ್ತಿರ್ಲಿಲ್ಲ. ಎಲ್ಲಿ, ಒಂದು ಜೋರು ಚಪ್ಪಾಳೆ!"

ನಾನು ಎದ್ದು ನಿಂತೆ. ಕೈ ಬೀಸಿದೆ. ಮೂವತ್ತೆರಡು ಮಕ್ಕಳು ನನಗೆ ಚಪ್ಪಾಳೆ ತಟ್ಟಿದರು.

ವೆಂಡೆಲ್, ನಿನಗೆ ಗೊತ್ತಿರುವ ಸಂಗತಿಯನ್ನೇ ಮತ್ತೆ ಬರೆಯುತ್ತೇನೆ. ಯಾಕೆಂದರೆ ನಿನಗೆ ಗೊತ್ತಿರುವುದರಲ್ಲಿ ಒಂದು ಭಾಗ ನಿಜವಲ್ಲ.

ನಾವು ಕಾಲೇಜಿನಲ್ಲಿದ್ದಾಗ, ಸುಲಭದ ಕೆಲಸವನ್ನು ಸುತ್ತುಬಳಸಿ ಮಾಡುವ ಮಷೀನುಗಳ ಸ್ಪರ್ಧೆಗೆ ಆ ವರ್ಷ ಕೊಟ್ಟ ಕೆಲಸ, ಹುಟ್ಟುಹಬ್ಬದ ಒಂದು ಮೇಣದಬತ್ತಿ ಆರಿಸುವುದು. ಉಫ್ ಎಂದರೆ ಮುಗಿಯುವುದಕ್ಕೆ ನಾವು ಮೂವತ್ತೆಂಟು ಹಂತ ಮಾಡಿದ್ದೆವು. "ನಮ್ಮಜ್ಜಿ ಚಪ್ಲಿ ಎಸೆದ್ರೆ ಒಂದೇ ಹಂತದಲ್ಲಿ ಆರುತ್ತೆ ಕಣ್ರೋ, ಮೇಣದಬತ್ತಿನೂ ಆರುತ್ತೆ, ನಾವೂ ಆರ್ತೀವಿ" ಎಂದು ನಮ್ಮ ತಂಡದ ರೊಸಾಲ್ಬಾ ದಿನಾ ಹೇಳುತ್ತಿದ್ದಳು. ಇಪ್ಪತ್ತನೆಯ ಹಂತ ನಿನ್ನದು. ಗ್ಯಾರೇಜ್ ಬಾಗಿಲಿನ ಸ್ಪ್ರಿಂಗಿಗೆ ನೀನು ಓಕ್ ಮರದ ತೋಳು ಕಟ್ಟಿದ್ದೆ. ಅದು ಬೀಸಿ ಬಂದು, ಎತ್ತರದ ಹಲಗೆಯ ಮೇಲಿದ್ದ ಬೌಲಿಂಗ್ ಚೆಂಡನ್ನು ಉರುಳಿಸಿದರೆ ಮಷೀನಿನ ಉಳಿದರ್ಧ ಶುರುವಾಗಬೇಕು. ತೋಳು ತಾನಾಗಿ ಬಿಟ್ಟುಕೊಳ್ಳದಂತೆ ಉಕ್ಕಿನ ಒಂದು ಪಿನ್ನು ಮಾಡಿ, ಕಣ್ಣಿಗೆ ಬೀಳಲೆಂದು ಅದಕ್ಕೆ ಕೆಂಪು ರಿಬ್ಬನ್ ಕಟ್ಟಿದವನೂ ನೀನೇ. ಪಿನ್ನು ಒಳಗಿದ್ದರೆ ಮಷೀನು ಹತ್ತೊಂಬತ್ತಕ್ಕೆ ನಿಲ್ಲುತ್ತಿತ್ತು.

ಪ್ರೊಫೆಸರ್ ಆಕರ್‌ಮನ್ ಆ ತೋಳನ್ನು ನೋಡಿದ ದಿನವೇ ಹೇಳಿದ್ದರು, "ಸುತ್ತ ಬಲೆ ಕಟ್ಟೋ ತನಕ ಪಿನ್ ತೆಗೆಯೋ ಹಾಗಿಲ್ಲ. ಅರ್ಧ ಓಡ್ಸಿ, ಸಾಕು." ತಂತಿಬಲೆ ಬರುವುದು ಬುಧವಾರ. ಸ್ಪರ್ಧೆಗೆ ಹನ್ನೆರಡು ದಿನ. ಮಷೀನು ಒಮ್ಮೆಯೂ ಪೂರ್ತಿ ಓಡಿದ್ದನ್ನು ನಾವು ಯಾರೂ ನೋಡಿರಲಿಲ್ಲ, ಮತ್ತು ತಂಡದ ನಾಯಕಿ ನಾನು.

ಆ ಶನಿವಾರ ಬೆಳಿಗ್ಗೆ ನೀನು ಪಿನ್ನು ಹಾಕಿದೆ. ಹಾಕಿ, ಗೋಡೆಯ ಮೇಲಿನ ಹಾಳೆಯಲ್ಲಿ ಸಹಿ ಮಾಡಿದೆ. ಇದನ್ನು ನಿಧಾನವಾಗಿ ಓದು. ನೀನು ಹಾಕಿದ್ದೆ. ನಾನು ಕಣ್ಣಾರೆ ನೋಡಿದ್ದೇನೆ.

ಮಧ್ಯಾಹ್ನ ಎಲ್ಲರೂ ಊಟಕ್ಕೆ ಹೋದೆವು. ಅಮ್ಮನಿಗೆ ಫೋನು ಮಾಡಬೇಕು ಎಂದು ನೆಪ ಹೇಳಿ, ನೀವಿನ್ನೂ ಚೀಸ್ ತಿನ್ನುತ್ತಿದ್ದಾಗಲೇ ನಾನು ಹಿಂದಿರುಗಿದೆ. ಪಿನ್ನು ತೆಗೆದು ಏಪ್ರನ್ ಜೇಬಿಗೆ ಹಾಕಿಕೊಂಡು, ಒಬ್ಬಳೇ ಮಷೀನು ಓಡಿಸಿದೆ. ತೋಳು ಬೀಸಿತು, ಚೆಂಡು ಬಿತ್ತು, ಮೂವತ್ತೊಂದರಲ್ಲಿ ದಾರ ಸಿಕ್ಕಿಕೊಂಡು ಎಲ್ಲ ನಿಂತುಹೋಯಿತು. ದಾರ ಸರಿಮಾಡಿ, ಮೊದಲಿನ ಹಾಗೆ ಎಲ್ಲವನ್ನೂ ಜೋಡಿಸುವಷ್ಟರಲ್ಲಿ ನಿಮ್ಮ ಮಾತು ಮೆಟ್ಟಿಲಲ್ಲಿ ಕೇಳಿಸಿತು. ಆ ಗಡಿಬಿಡಿಯಲ್ಲಿ ಪಿನ್ನು ವಾಪಸ್ ಹಾಕುವುದನ್ನು ಮರೆತೆ.

ಎರಡು ಗಂಟೆಗೆ ನೀನು ಮೊದಲ ಗೋಲಿ ಬಿಟ್ಟೆ. ಹದಿನೇಳರಲ್ಲಿ ಮರದ ತುಂಡೊಂದು ಹೊರಕ್ಕೆ ವಾಲಿತು. ಅದನ್ನು ಬೀಳದಂತೆ ಹಿಡಿಯಲು ನೀನು ಬಗ್ಗಿ, ತೋಳಿನ ದಾರಿಯಲ್ಲೇ ಎಡಗೈ ಚಾಚಿದೆ. ಯಾಕೆ ಚಾಚಬಾರದು? ನಿನ್ನ ಮಟ್ಟಿಗೆ ತೋಳು ಭದ್ರವಾಗಿತ್ತು. ತೋಳು ಬಂತು, ನಿನ್ನ ಬೆರಳುಗಳನ್ನು ಹೊಡೆದು ದಾಟಿ ಹೋಯಿತು. ಚೆಂಡು ಬಿದ್ದ ಸದ್ದೂ ಕೇಳಿತು. ಹಿಂದೆ ಮಷೀನು ಓಡುತ್ತಲೇ ಇತ್ತು, ಅತ್ತ ಯಾರೂ ನೋಡಲಿಲ್ಲ. ನೀನು "ಏನಿಲ್ಲ, ಏನಿಲ್ಲ" ಎನ್ನುತ್ತ ನೆಲದ ಮೇಲೆ ಕುಸಿದೆ. ನಾನು ಸ್ಕಾರ್ಫ್ ಸುತ್ತಿದೆ. ರೊಸಾಲ್ಬಾ ಆಂಬುಲೆನ್ಸ್ ಕರೆದಳು.

ನಿನ್ನನ್ನು ಕರೆದೊಯ್ಯುವಾಗ ಎಲ್ಲರೂ ಬಾಗಿಲ ತನಕ ಬಂದರು, ನಾನೊಬ್ಬಳು ಒಳಗೆ ಉಳಿದೆ. ಪಿನ್ನು ನನ್ನ ಜೇಬಿನಲ್ಲಿತ್ತು. ಅದನ್ನು ತೆಗೆದು ನಿನ್ನ ಸಾಮಾನಿನ ಪೆಟ್ಟಿಗೆಯ ಮೇಲಿಟ್ಟೆ. ಬಂದವರಿಗೆ ಕಾಣಲೆಂದು ರಿಬ್ಬನ್ ಬಿಡಿಸಿಟ್ಟೆ. ಇದು ಹೆದರಿಕೆಯಿಂದ ಮಾಡಿದ್ದು. ಆದರೂ ಮಾಡಿದ್ದು ನಾನೇ.

ಆಸ್ಪತ್ರೆಯಲ್ಲಿ ಆಕರ್‌ಮನ್ ಕೇಳಿದಾಗ ನೀನು ಹೇಳಿದ್ದು ಅಕ್ಷರಶಃ ನೆನಪಿದೆ. "ಹಾಕ್ದೆ ಅನ್ಕೊಂಡಿದ್ದೆ ಸಾರ್. ಸಹಿನೂ ಮಾಡಿದೀನಿ. ಆದ್ರೆ ಪಿನ್ನು ನನ್ನ ಪೆಟ್ಟಿಗೆ ಮೇಲೇ ಸಿಕ್ತಂತಲ್ಲ, ಹಾಕಿಲ್ಲ ಅಂತ ಕಾಣುತ್ತೆ." ನಿನ್ನ ಕಣ್ಣಿಗಿಂತ, ನಿನ್ನ ಕೈಗಿಂತ, ನಾನು ಇಟ್ಟ ಪಿನ್ನನ್ನು ನೀನು ನಂಬಿದೆ.

ನಿನ್ನ ಅಪ್ಪ ಕೆಲಸದ ಜಾಕೆಟ್ಟಿನಲ್ಲೇ ಬಂದು ಮಂಚದ ಕಾಲ ಬಳಿ ನಿಂತರು. ಆಮೇಲೆ ಅಂದರು, "ಮೂವತ್ತೊಂದು ವರ್ಷ ಕಾಗದದ ಮಿಲ್ಲಲ್ಲಿ ದುಡಿದಿದೀನಿ. ಒಂದು ಉಗುರು ಹೋಗಿಲ್ಲ ನಂದು. ನೀನು ಆಟದ ಸಾಮಾನಿಗೆ ಎರಡು ಬೆರಳು ಕೊಟ್ಟೆಯಲ್ಲೋ." ನೀನು ಗೋಡೆಯ ಕಡೆ ತಿರುಗಿದೆ. ನಾನು ಆ ಕೋಣೆಯಲ್ಲೇ ಇದ್ದೆ, ಅವರಿಗೆಂದು ತಂದ ಕಾಫಿ ಹಿಡಿದುಕೊಂಡು. ಬಾಯಿ ತೆರೆದದ್ದೂ ನಿಜ. "ಸಕ್ಕರೆ ಹಾಕಿಲ್ಲ, ಬೇಕಾ?" ಎಂದು ಕೇಳಿದೆ.

ಸ್ಪರ್ಧೆಯಲ್ಲಿ ನಾವು ಗೆದ್ದೆವು. ನೀನು ಪಟ್ಟಿ ಕಟ್ಟಿದ ಕೈ ಎದೆಗೊತ್ತಿಕೊಂಡು ಬಂದಿದ್ದೆ. ಚಪ್ಪಾಳೆ ತಟ್ಟಲಾಗದೆ ಬಲಗೈಯಿಂದ ತೊಡೆ ಬಡಿಯುತ್ತಿದ್ದೆ. ಫೋಟೋದಲ್ಲಿ ನಡುವೆ ನಾನಿದ್ದೇನೆ.

ಬೇಸಿಗೆಗೆ ನೀನು ಎಂಜಿನಿಯರಿಂಗ್ ಬಿಟ್ಟೆ. ಕಾರಣ ಕೇಳಿದ್ದಕ್ಕೆ ಫೋನಿನಲ್ಲಿ ಅಂದೆ, "ನನ್ನ ಮೇಲೆ ನಂಗೇ ನಂಬಿಕೆ ಇಲ್ಲ ಸಿಗ್ರಿಡ್. ಸ್ಟವ್ ಆರ್ಸಿದ್ನಾ ಅಂತ ಮೂರು ಮೂರು ಸಲ ಹೋಗಿ ನೋಡ್ತೀನಿ. ಇಂಥೋನು ಸೇತುವೆ ಕಟ್ಟಿದ್ರೆ ಯಾರು ಅದರ ಮೇಲೆ ಓಡಾಡ್ತಾರೆ ಹೇಳು." ನಾನು "ಅದೆಲ್ಲ ಕ್ರಮೇಣ ಸರಿ ಹೋಗುತ್ತೆ ಬಿಡು" ಎಂದೆ. ಅದಾದ ಮೇಲೆ ನಾನು ನಿನಗೆ ಫೋನು ಮಾಡಲಿಲ್ಲ. ನನಗೆ ಕೆಲಸದ ಒತ್ತಡ ಎಂದು ನೀನೇ ಎಲ್ಲರಿಗೂ ಹೇಳಿಕೊಂಡು ಬಂದೆಯಂತೆ. ರೊಸಾಲ್ಬಾ ತಿಳಿಸಿದಳು.

ಒಳ್ಳೆಯ ಮೇಷ್ಟ್ರಾಗಿದ್ದೀಯ. ಅದನ್ನು ಹಿಡಿದುಕೊಂಡು, ಆದದ್ದೆಲ್ಲ ಒಳ್ಳೆಯದಕ್ಕೇ ಆಯಿತು ಎಂದು ನನ್ನನ್ನು ಸಮಾಧಾನ ಮಾಡಲು ಬರಬೇಡ. ನೀನು ಹಾಗೆ ಮಾಡುವವನೇ, ಅದಕ್ಕೆ ಮೊದಲೇ ಹೇಳುತ್ತಿದ್ದೇನೆ. ಕಾಲೇಜಿಗೂ ಆಕರ್‌ಮನ್ ಅವರಿಗೂ ಇವತ್ತು ಬೆಳಿಗ್ಗೆ ಪತ್ರ ಬರೆದಿಟ್ಟಿದ್ದೇನೆ, ಇದರ ಜೊತೆಗೇ ಅಂಚೆಗೆ ಹಾಕುತ್ತೇನೆ. ಆ ಹಲ್ಲಿನ ತಂತಿಯ ಹುಡುಗಿ ಕೇಳಿದ ಪ್ರಶ್ನೆಗೆ ಈಗ ಸರಿಯಾದ ಉತ್ತರ ಕೊಡು. ನಿನ್ನ ಅಮ್ಮನಿಗೆ ಈ ಪತ್ರ ಓದಿ ಹೇಳು. ನಿನ್ನ ಅಪ್ಪನಿಗೆ ಹೇಳುವ ದಾರಿಯನ್ನು ನಾನೇ ಮುಚ್ಚಿದೆ. ಹೋದ ಸೆಪ್ಟೆಂಬರಿನಲ್ಲಿ ಬರೆದಿದ್ದರೂ ಅವರು ಓದುತ್ತಿದ್ದರು.

ನೀನು ಉತ್ತರ ಬರೆಯಬೇಕಾಗಿಲ್ಲ.

ಗೆಳತಿ ಎಂದು ಬರೆದುಕೊಳ್ಳಲು ಕೈ ಬಾರದ,
ಸಿಗ್ರಿಡ್ ಹಾಲ್ವರ್‌ಸನ್

ಮರೆತ ಮಾತು: ಲಕೋಟೆ ಮುಚ್ಚುವ ಮೊದಲು ಒಮ್ಮೆ ಓದಿದೆ. ಪಿನ್ನು ವಾಪಸ್ ಹಾಕುವುದನ್ನು "ಮರೆತೆ" ಎಂದು ಬರೆದಿದ್ದೇನೆ. ಕಾಲೇಜಿನ ಪತ್ರದಲ್ಲೂ ಅದೇ ಪದವಿದೆ, ಅದನ್ನು ಹರಿದು ಹೊಸದಾಗಿ ಬರೆಯುತ್ತೇನೆ. ಮರೆತಿರಲಿಲ್ಲ ವೆಂಡೆಲ್. ನೀವೆಲ್ಲ ಬಂದ ಮೇಲೆ ಮೇಣದಬತ್ತಿ ಹಚ್ಚಿದ್ದು ನಾನು. ಅರ್ಧ ಓಡುವ ಮಷೀನಿಗೆ ಮೇಣದಬತ್ತಿ ಯಾಕೆ ಎಂದು ರೊಸಾಲ್ಬಾ ಕೇಳಿದಳು. ಚೆಂದಕ್ಕೆ ಎಂದೆ. ಯಾರಿಗೂ ಹೇಳದೆ ಪೂರ್ತಿ ಓಡಿಸಿ ನಿಮ್ಮನ್ನೆಲ್ಲ ಬೆರಗುಗೊಳಿಸಬೇಕೆಂದಿದ್ದೆ. ನಿನ್ನ ಕೈ ತೋಳಿನ ದಾರಿಗೆ ಹೋದದ್ದನ್ನು ಕಂಡೆ. ಆಗ ಮಷೀನು ಹದಿನೇಳರಲ್ಲಿತ್ತು. ಹದಿನೆಂಟು, ಹತ್ತೊಂಬತ್ತು, ಅಷ್ಟು ಸಮಯ ನನಗಿತ್ತು. ಕೂಗಿದ್ದರೆ ನೀನು ಬೆಚ್ಚಿ ಮರದ ತುಂಡನ್ನು ಕೈಬಿಡುತ್ತಿದ್ದೆ, ಮಷೀನು ಅಲ್ಲಿಗೇ ನಿಲ್ಲುತ್ತಿತ್ತು. ನಾನು ಕೂಗಲಿಲ್ಲ. ನೀನು ನೆಲಕ್ಕೆ ಕುಸಿದಾಗ, ಸ್ಕಾರ್ಫ್ ಬಿಚ್ಚುವ ಮೊದಲು, ತಿರುಗಿ ಮೇಣದಬತ್ತಿಯನ್ನು ನೋಡಿದೆ. ಅದು ಆರಿತ್ತು. ನನಗೆ ಸಂತೋಷವಾಯಿತು.