ಮಲಗಿದರೆ ಮಾತ್ರ ಆರಾಮ

ಜನವರಿ 6, ಸೋಮವಾರ

ಮತ್ತೆ ಬಿದ್ದಳು. ಹಿಟ್ಟು ನಾದಿ, ರೊಟ್ಟಿ ಬಡಿದು, ಎಲ್ಲರ ಡಬ್ಬಿ ತುಂಬಿದ್ದು ನಾನು. ಬಿದ್ದದ್ದು ಸ್ನೇಹಲ್, ಮೈದುನ ಸಂತುವಿನ ಹೆಂಡತಿ. ಸೋಮವಾರದ ಪೂಜೆ ಮುಗಿಸಿ ಅತ್ತೆಯ ಕಾಲಿಗೆ ಬಗ್ಗಿದಳು, ಎದ್ದಳು, ಕಣ್ಣಿಗೆ ಕತ್ತಲೆ ಬಂತೆಂದು ಗೋಡೆ ಹಿಡಿದು ಕುಸಿದಳು. ಅತ್ತೆ ವಿಭೂತಿ ಬಟ್ಟಲು ಬಿಟ್ಟು ಓಡಿದರು. "ನನ್ನ ಕೂಸ, ಏನಾತು ನಿನಗ!"

ಈ ಮನೆಗೆ ಬಂದು ಹದಿನಾರು ವರ್ಷ. ಡೆಂಗ್ಯೂ ಆಗಿ ಮಲಗಿದಾಗಲೂ ನಾನು "ಹಿರೀಸೊಸಿ"ಯೇ. ಬಂದು ಎರಡು ವರ್ಷವಾದವಳು ಕೂಸು!

ಹಾಸಿಗೆಯಲ್ಲಿ ಮಲಗಿಸಿದ್ದೇ ತಡ, ಮೊಬೈಲ್ ನೋಡಿ ನಗುತ್ತಿದ್ದಳು. ನನ್ನ ಲೋಕಲ್ ಟ್ರೈನ್ ತಪ್ಪಿತು. ದಾದರ್ ಆಫೀಸಿನಲ್ಲಿ ಲೇಟ್ ಮಾರ್ಕ್.

ಜನವರಿ 9, ಗುರುವಾರ

ಸಂಜೆಯಾದರೆ ಸಣ್ಣ ಜ್ವರವಂತೆ. ಸೊರಗಿದ್ದಾಳೆ, ಅದು ನಿಜ. ಭಾಂಡುಪಿನ ನಮ್ಮ ಡಾಕ್ಟರ್ ಟಿಬಿ ಇರಬಹುದೆಂದು ಟೆಸ್ಟ್ ಬರೆದಿದ್ದರು. ಏನೂ ಇಲ್ಲ. ರಕ್ತ ಕಡಿಮೆ, ಗುಳಿಗೆ ನುಂಗಿ ಎಂದರು.

ಅತ್ತೆ ಬೀಟ್‌ರೂಟ್, ಖರ್ಜೂರ ತರಿಸಿದರು. ಸರಿ, ಅತ್ತೆ ಬಿಡಿ... ನಮ್ಮವರೂ ದಾದರಿನಿಂದ ಅಂಜೂರ ತಂದರು! ನನಗೆ ಇಷ್ಟು ವರ್ಷದಲ್ಲಿ ಒಂದು ಅಂಜೂರ ಕಂಡಿಲ್ಲ. ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ ಎನ್ನುತ್ತಾರೆ. ಯಾವ ಸೊಸೆಗೆ ಎಂದು ಯಾರೂ ಹೇಳುವುದಿಲ್ಲ.

ಹೌದು, ಹೊಟ್ಟೆಕಿಚ್ಚು. ಬರೆಯಲು ನಾಚಿಕೆ ಏನು.

ಜನವರಿ 20, ಸೋಮವಾರ

ಅವಳ ಮೇಲೆ ಕಣ್ಣಿಟ್ಟಿದ್ದೇನೆ. ನಾಟಕ ಹಿಡಿಯಲೇಬೇಕು.

ಇಷ್ಟು ಗೊತ್ತಾಗಿದೆ — ನಿಂತು ಪಾತ್ರೆ ತೊಳೆದರೆ ದಮ್ಮು. ಬಗ್ಗಿ ನೆಲ ಒರೆಸಿ ಎದ್ದರೆ ತಲೆಸುತ್ತು. ಅಡ್ಡಾದಳೋ, ಎಲ್ಲ ಮಾಯ! ಕೆಲಸ ಕಂಡರೆ ಬರುತ್ತದೆ, ಹಾಸಿಗೆ ಕಂಡರೆ ಹೋಗುತ್ತದೆ. ಇಂಥ ರೋಗ ನನಗೂ ಬರಲಿ.

ನಮ್ಮವರಿಗೆ ಹೇಳಿದರೆ ನಕ್ಕರು. "ನೀ ಏನ ಸಿಐಡಿ ಸೇರೀಯೇನ?"

ಫೆಬ್ರವರಿ 4, ಮಂಗಳವಾರ

ಆಸ್ಪತ್ರೆಯಿಂದ ಬಂದು ಇನ್ನೂ ಊಟವಾಗಿಲ್ಲ. ಆದರೂ ಬರೆಯಬೇಕು.

ಭಾನುವಾರ ಮಾಟುಂಗದ ಕನ್ನಡ ಸಂಘದ ಕಾರ್ಯಕ್ರಮದಲ್ಲಿ ವಚನ ಹಾಡಲು ಎದ್ದವಳು ವೇದಿಕೆಯ ಮೇಲೇ ಬಿದ್ದಳು. ಇವತ್ತು ದೊಡ್ಡ ಆಸ್ಪತ್ರೆ, ಹಾರ್ಟ್ ಡಾಕ್ಟರ್ ಶುಭಾಂಗಿ. ಯಾವಾಗ ಹೀಗಾಗುತ್ತದೆ ಎಂದು ಕೇಳಿದರು. ಸಂತು, "ಕಭೀ ಭೀ, ಡಾಕ್ಟರ್" ಎಂದ, ಯಾವಾಗ ಬೇಕಾದರೂ ಆಗುತ್ತದಂತೆ. ಅತ್ತೆ ನನ್ನ ಕಡೆ ನೋಡಿ, "ಕೆಲಸಾ ಭಾಳ ಬಿದ್ದಾಗ" ಎಂದರು.

ಸಿಟ್ಟು ನೆತ್ತಿಗೇರಿತು. ಕೂಡಿಟ್ಟದ್ದನ್ನೆಲ್ಲ ಹಿಂದಿಯಲ್ಲಿ ಕಾರಿಬಿಟ್ಟೆ. ನಿಂತರೆ ಆಗುತ್ತದೆ, ಬಗ್ಗಿ ಎದ್ದರೆ ಆಗುತ್ತದೆ, ಮಲಗಿದ ಕೂಡಲೇ ಮಹಾರಾಣಿಗೆ ಆರಾಮ. ನಾಟಕ ಎಂಬ ಮಾತೊಂದು ಬಾಯಿಂದ ಬರಲಿಲ್ಲ, ಅಷ್ಟೇ. ಸಂತುವಿನ ಮುಖ ಕೆಂಪಾಯಿತು.

ಡಾಕ್ಟರ್ ಬರೆಯುವುದನ್ನು ನಿಲ್ಲಿಸಿದರು. "ಲೇಟನೇ ಪೇ ಆರಾಮ್? ಪಕ್ಕಾ?" ಮಲಗಿದರೆ ಆರಾಮವೇ ಎಂದು ಮತ್ತೆ ಕೇಳಿದರು.

"ಪಕ್ಕಾ."

ಅವಳನ್ನು ಕೂಡಿಸಿ ಎದೆಗೆ ಸ್ಟೆತಸ್ಕೋಪ್ ಇಟ್ಟರು. ಎಡಮಗ್ಗುಲಿಗೆ ಮಲಗಿಸಿ ಇಟ್ಟರು. ಮತ್ತೆ ಕೂಡಿಸಿದರು. ಹಾರ್ಟ್ ಪೇಶಂಟಿಗೆ ಸಾಮಾನ್ಯವಾಗಿ ಮಲಗಿದರೆ ದಮ್ಮು ಹೆಚ್ಚು, ಇವರದು ಉಲ್ಟಾ, ಈಗಲೇ ಎಕೋ ಸ್ಕ್ಯಾನ್ ಮಾಡೋಣ ಎಂದರು.

ಪರದೆಯ ಮೇಲೆ ನಮಗೂ ತೋರಿಸಿದರು. ಹೃದಯದ ಎಡಗಡೆ, ಮೇಲಿನ ಕೋಣೆಯಲ್ಲಿ ಗಡ್ಡೆ. ತೊಟ್ಟಿಗೆ ಜೋತುಬಿದ್ದ ಚಿಕ್ಕು ಹಣ್ಣಿನ ಹಾಗೆ. ಪ್ರತಿ ಬಡಿತಕ್ಕೂ ಇಳಿದು ವಾಲ್ವಿನ ಬಾಗಿಲಿಗೆ ಅಡ್ಡ ಬರುತ್ತಿತ್ತು. ಮಲಗಿದರೆ ಬಾಗಿಲಿನಿಂದ ಸರಿಯುತ್ತದೆ, ಅದಕ್ಕೇ ಆರಾಮ. ಮಿಕ್ಸೋಮಾ ಎಂದು ಹೆಸರು. ಜ್ವರ, ಸೊರಗಿದ್ದು, ಎಲ್ಲ ಅದರದೇ. ಕ್ಯಾನ್ಸರ್ ಅಲ್ಲ. ಆದರೆ ಚೂರು ಮುರಿದು ಮೆದುಳಿಗೆ ಹೋದರೆ... ಬೇಗ ತೆಗೆಯಬೇಕು.

ನಾಟಕ ಎಂದುಕೊಂಡಿದ್ದೆ. ದೇವರೇ.

ಫೆಬ್ರವರಿ 5, ಬುಧವಾರ

ಈಗ ನಾನು ಜೀವ ಉಳಿಸಿದವಳು! ಅತ್ತೆ ಧಾರವಾಡಕ್ಕೆಲ್ಲ ಫೋನ್ ಮಾಡಿದರು. "ನಮ್ಮ ಹಿರೀಸೊಸಿ ತಂಗೀಗತೆ ನೋಡಕೊಂಡಾಳ. ಆಕೀನ ಕಂಡು ಹಿಡದದ್ದು."

ಇದೇ ಹೊಗಳಿಕೆಗೆ ಬಾಯಿಬಿಟ್ಟು ಕೂತಿದ್ದೆ. ಬಂತು, ಗಂಟಲಲ್ಲಿ ಇಳಿಯುತ್ತಿಲ್ಲ. ಫೋನ್ ಇಟ್ಟು ಅತ್ತೆ ಹೋಗಿ ಕೂತದ್ದು ಅವಳ ತಲೆದಿಂಬಿನ ಹತ್ತಿರ. ಅದನ್ನು ಕಂಡು ಮತ್ತೆ ಉರಿಯಿತು. ಏನು ಹೆಂಗಸು ನಾನು!

ಫೆಬ್ರವರಿ 11, ಮಂಗಳವಾರ

ನಾಳೆ ಆಪರೇಷನ್. ವಾರ್ಡಿನಲ್ಲಿ ಇಬ್ಬರೇ ಇದ್ದೆವು.

"ಅಕ್ಕಾ, ಅವತ್ತ ಡಾಕ್ಟರ್ ಮುಂದ ಹೇಳಿದ್ರಲ್ಲಾ... ನಾ ಖೊಟ್ಟಿ ಅದೀನಿ, ನಾಟಕ ಮಾಡ್ತೀನಿ ಅಂತ ತೋರಸಾಕ ಹೇಳಿದ್ರಿ. ಹೌದಲ್ರೀ?"

ಸುಳ್ಳು ಬರಲಿಲ್ಲ. "ಹೌದು" ಎಂದೆ.

ನಕ್ಕಳು. "ಎಲ್ಲಾರೂ ಕೂಸ, ಕೂಸ ಅಂದ್ರು. ನಾ ಕೂತು ಬಿದ್ದೆನೋ, ನಿಂತು ಬಿದ್ದೆನೋ ಯಾರೂ ನೋಡಲಿಲ್ಲ. ನೀವ ಒಬ್ರ ನೋಡಿದ್ರಿ." ಹೊದಿಕೆ ಎಳೆದುಕೊಂಡು, "ನನಗ ಭಾಳ ಅಂಜಿಕಿ ಆಗೇತಿ" ಎಂದಳು.

ಕೈ ಹಿಡಿದಳು. ಬಿಡಿಸಿಕೊಳ್ಳಲಿಲ್ಲ. ನನಗೂ ಹೆದರಿಕೆ.

ಫೆಬ್ರವರಿ 12, ಬುಧವಾರ, ಬೆಳಿಗ್ಗೆ

ಒಳಗೆ ಕರೆದುಕೊಂಡು ಹೋದರು. ಹೃದಯ ನಿಲ್ಲಿಸಿ, ಮಷೀನಿಗೆ ಹಾಕಿ, ತೆರೆಯುತ್ತಾರಂತೆ.

ಸತ್ತುಗಿತ್ತು ಹೋದರೆ ಈ ಜನ್ಮದಲ್ಲಿ ಅವಳನ್ನು ಗೆಲ್ಲಲು ನನ್ನಿಂದಾಗದು. ಹಾರ ಹಾಕಿದ ಫೋಟೋದೊಳಗಿನ ಸೊಸೆಗಿಂತ ಒಳ್ಳೆಯ ಸೊಸೆ ಎಲ್ಲಿದ್ದಾಳೆ? ಹೀಗೆ ಯೋಚಿಸಿದೆ, ಆಮೇಲೆ ಅಳು ತಡೆಯಲಾಗಲಿಲ್ಲ. ಬದುಕಿ ಬಾರೇ. ಜಗಳವಾಡೋಣ.

ಫೆಬ್ರವರಿ 13, ಗುರುವಾರ

ಗಡ್ಡೆ ಪೂರ್ತಿ ಹೊರಗೆ ಬಂದಿದೆ. ಬೆಳಿಗ್ಗೆ ಉಸಿರಾಟದ ನಳಿಕೆ ತೆಗೆದರು. ಮಾತಾಡಿದಳಂತೆ!

ಐಸಿಯು ಒಳಗೆ ಒಬ್ಬರನ್ನೇ ಬಿಡುತ್ತಾರೆ. ಅತ್ತೆ ಸೆರಗು ಸರಿಮಾಡಿಕೊಂಡು ಎದ್ದರು. ಸಿಸ್ಟರ್ ಬಂದು, "ಪೇಶಂಟ್ ಅಕ್ಕಾ ಅಕ್ಕಾ ಬೋಲ್ ರಹೀ ಹೈ. ಅಕ್ಕಾ ಕೌನ್?" ಎಂದಳು.

ಅತ್ತೆ ನನ್ನನ್ನು ನೋಡಿದರು. ಆ ನೋಟ ನನಗೆ ಚೆನ್ನಾಗಿ ಗೊತ್ತು. ಎರಡು ವರ್ಷ ನಾನೇ ಸ್ನೇಹಲಳನ್ನು ನೋಡಿದ ನೋಟ. ಅತ್ತೆಗೆ ಹೊಟ್ಟೆಕಿಚ್ಚು!

ಖುಷಿಯಾಯಿತು, ಸುಳ್ಳೇಕೆ. ಮಾಸ್ಕ್ ಹಾಕಿ ಬಾಗಿಲಲ್ಲಿ ನಿಂತಿದ್ದೇನೆ, ಕರೆಯುವವರೆಗೆ ಗೀಚುತ್ತಿದ್ದೇನೆ. ಬೆಂಚಿನ ಮೇಲೆ ಅತ್ತೆ ಬೆನ್ನು ತಿರುಗಿಸಿ ಕೂತಿದ್ದಾರೆ. ಪಾಪ... ಅವರನ್ನೇ ಮೊದಲು ಕಳಿಸಲೇ? ಇಲ್ಲ, ನಾನೇ —