ಹುಬ್ಬಳ್ಳಿಯಲ್ಲಿ ಇಳಿದ ವಿಮಾನ

ಸೊರಬ
೧೨ ಆಗಸ್ಟ್ ೨೦೨೫

ಪ್ರೀತಿಯ ತಂಗಿ ಕರುಣಾಳಿಗೆ ನಿನ್ನ ನಯನಕ್ಕನ ಆಶೀರ್ವಾದಗಳು.

ಹೇಗಿದ್ದೀಯೇ? ರಾತ್ರಿ ಪಾಳಿ ಮುಗಿಸಿ ಬಂದು ಉಣ್ಣದೆ ಮಲಗುವ ಚಾಳಿ ಬಿಟ್ಟೆಯಾ? ಸೊಂಟದ ನೋವು ಕಡಿಮೆಯಾಯಿತಾ? ನಾವೆಲ್ಲ ಆರಾಮ. ನಿನ್ನ ಭಾವ ಶುಂಠಿ ಮಾರಲು ಶಿರಾಳಕೊಪ್ಪಕ್ಕೆ ಹೋಗಿದ್ದಾರೆ. ಪುಟ್ಟಿ ಪಕ್ಕದ ಮನೆ ವರದಮ್ಮನ ಹತ್ತಿರ ಆಡುತ್ತಿದ್ದಾಳೆ. ದಿನವೂ ಫೋನಿನಲ್ಲಿ ಮಾತಾಡುವವಳು ಕಾಗದ ಯಾಕೆ ಬರೆದಳು ಎನ್ನಬೇಡ. ಇದನ್ನು ಹೇಳಹೊರಟಾಗಲೆಲ್ಲ ನಿನ್ನ ದನಿ ಕೇಳಿ ಬೇರೆ ಮಾತು ತೆಗೆದುಬಿಡುತ್ತೇನೆ.

ನಿನ್ನ ಗಂಡ ತೀರಿಕೊಂಡ ವರ್ಷ, ಇನ್ನೂ ಹಲ್ಲು ಬಾರದ ಕೂಸನ್ನು ನನ್ನ ಮಡಿಲಿಗೆ ಹಾಕಿ ನೀನು ಹೈದರಾಬಾದಿನ ಆಸ್ಪತ್ರೆಗೆ ನರ್ಸ್ ಕೆಲಸಕ್ಕೆ ಹೋದೆ. ನನಗಂತೂ ಮಕ್ಕಳಿಲ್ಲ. ಅವಳ ಬಿಸಿನೀರು, ಅವಳ ಹಟ, ಅವಳ ಜುಟ್ಟು, ಇದರಲ್ಲೇ ನನ್ನ ದಿನ ಮುಗಿಯುತ್ತಿತ್ತು. ‘ಕ್ವಾರ್ಟರ್ಸ್ ಸಿಕ್ತು ಅಕ್ಕಾ, ಪಕ್ಕದಲ್ಲೇ ಶಾಲೆನೂ ಇದೆ, ಪುಟ್ಟಿನ ಕರ್ಕೊಂಡ್ ಹೋಗ್ತೀನಿ’ ಎಂದು ನೀನು ಹೇಳಿದ ದಿನ ‘ಒಳ್ಳೇದಾಯ್ತು ಬಿಡು’ ಎಂದೆನಲ್ಲ, ಫೋನ್ ಇಟ್ಟವಳು ಹಿತ್ತಲಿಗೆ ಹೋಗಿ ಕೂತುಬಿಟ್ಟೆ.

ನೀನು ಬರುವ ದಿನ ಅಲ್ಲಿಂದಲೇ ಅವಳನ್ನು ನಿನ್ನ ಜೊತೆ ಕಳಿಸಲೆಂದು ಅವಳ ಬಟ್ಟೆಯೆಲ್ಲ ಬ್ಯಾಗಿಗೆ ತುಂಬಿಕೊಂಡು ಶಿವಮೊಗ್ಗದ ವಿಮಾನ ನಿಲ್ದಾಣಕ್ಕೆ ಬಂದೆವು. ಮೋಡ ನೆಲಕ್ಕೇ ಇಳಿದಿತ್ತು. ನಿನ್ನ ವಿಮಾನದ ಸದ್ದು ಕೇಳಿತೇ ಹೊರತು ಕಾಣಲಿಲ್ಲ. ‘ಅಮ್ಮ ಮ್ಯಾಲಿದಾಳೆ’ ಎಂದು ಪುಟ್ಟಿ ಕೈಬೀಸಿದಳು. ಆಮೇಲೆ ಹುಬ್ಬಳ್ಳಿಯಲ್ಲಿ ಇಳಿಸಿದರೆಂದು ನಿನ್ನ ಫೋನ್ ಬಂತು. ಭಾವ ಟೀ ತರಲು ಹೋಗಿದ್ದರು. ಬೇಕಾದವರು ಅದೇ ವಿಮಾನದಲ್ಲಿ ಹೈದರಾಬಾದಿಗೆ ವಾಪಸ್ ಹೋಗಬಹುದಂತೆ ಎಂದು ನೀನು ಹೇಳಿದೆ. ‘ನಾನು ಇಲ್ಲೇ ಇಳಿದು ಕಾರ್ ಮಾಡ್ಕೊಂಡು ಸೊರಬಕ್ಕೆ ಬರ್ಲಾ ಅಕ್ಕಾ? ಎಷ್ಟೊತ್ತಾಗುತ್ತೆ? ನಾಳೆನೇ ಹೊರಡ್ಬೇಕು’ ಎಂದು ಕೇಳಿದೆ. ಹಾನಗಲ್ಲು, ಆನವಟ್ಟಿ ಮೇಲೆ ಬಂದರೆ ಮೂರು ಗಂಟೆಯ ದಾರಿ. ನಾನು ಏನು ಹೇಳಿದೆ? ‘ಆನವಟ್ಟಿ ಹತ್ರ ರಸ್ತೆ ಕಿತ್ತು ಹಾಕಿದಾರೆ, ಸುತ್ತು ಹೊಡ್ಕೊಂಡ್ ಬರ್ಬೇಕು, ನಡುರಾತ್ರಿ ಆಗುತ್ತೆ. ಕೂಸಿನ ಮೈಯೂ ಬೆಚ್ಚಗಿದೆ. ಇನ್ನೊಂದ್ಸಲ ಬಾ.’ ರಸ್ತೆ ಚೆನ್ನಾಗಿಯೇ ಇತ್ತು ಕರುಣಾ. ಕೂಸೂ ಚೆನ್ನಾಗಿತ್ತು. ನೀನು ನಂಬಿದೆ. ‘ಜ್ವರ ಜಾಸ್ತಿಯಾದ್ರೆ ಶಿಕಾರಿಪುರದಲ್ಲೇ ಡಾಕ್ಟರಿಗೆ ತೋರ್ಸು’ ಎಂದು ಹೇಳಿ ಹೊರಟುಹೋದೆ.

ನೀನಾಗಿಯೇ ವಾಪಸ್ ಹೋದೆಯೆಂದು ಭಾವನಿಗೂ ಸುಳ್ಳು ಹೇಳಿದೆ. ‘ಹುಬ್ಬಳ್ಳಿ ಏನ್ ದೂರ? ನಾನೇ ಹೋಗಿ ಕರ್ಕೊಂಡ್ ಬರ್ತಿದ್ನಲ್ಲೇ’ ಎಂದು ಅವರು ದಾರಿಯುದ್ದಕ್ಕೂ ಪೇಚಾಡಿದರು. ನಾನೋ, ತೊಡೆಯ ಮೇಲೆ ಮಲಗಿದ್ದ ಪುಟ್ಟಿಯನ್ನು ಏನೋ ಗೆದ್ದವಳ ಹಾಗೆ ತಬ್ಬಿಕೊಂಡು ಕೂತಿದ್ದೆ. ಮರುದಿನ ಅವಳು ಎದ್ದವಳೇ ಅಂಗಳದಲ್ಲಿ ನಿಂತು ಆಕಾಶ ನೋಡುತ್ತ ‘ಅಮ್ಮಂಗೆ ದಾರಿ ಗೊತ್ತಾಗ್ಲಿಲ್ವಾ?’ ಎಂದು ಕೇಳಿದಳು. ನಿನ್ನೆ ಭಾವನ ಹತ್ತಿರ ಎಲ್ಲ ಹೇಳಿಬಿಟ್ಟೆ. ಅವರು ಬೈಯಲಿಲ್ಲ, ಊಟದ ತಟ್ಟೆ ಬಿಟ್ಟು ಎದ್ದುಹೋದರು. ನೀನಾದರೂ ಬೈಯಿ.

ಹೊತ್ತುಹೊತ್ತಿಗೆ ಉಣ್ಣು. ದೇವರು ನಿನ್ನನ್ನು ತಣ್ಣಗಿಟ್ಟಿರಲಿ.

ನಿನ್ನ ಅಕ್ಕ,
ನಯನ

ವಿ.ಸೂ.: ಭಾವ ಈಗಷ್ಟೇ ಬಂದರು, ಟಿಕೆಟ್ ಮಾಡಿಸಿದ್ದಾರೆ. ಗಣಪತಿ ಹಬ್ಬ ಕಳೆದ ಮೊದಲ ಭಾನುವಾರ ಪುಟ್ಟಿಯನ್ನು ನಾನೇ ಕರೆದುಕೊಂಡು ಬರುತ್ತೇನೆ. ಹೋಗುವುದಕ್ಕೆ ಎರಡು ಟಿಕೆಟ್, ಬರುವುದಕ್ಕೆ ಒಂದೇ.