ಮೆಲ್ವಿನ್ ಕೊಟ್ಟ ಭಾರದ ಗುಂಡುಗಳು

ಬಾಸ್ಕಿಂಗ್ ರಿಡ್ಜ್, ನವೆಂಬರ್ 2009

ಮೆಲ್ವಿನ್,

ಲೇಆಫ್ ಆಗಿ ಮಂಗಳೂರಿಗೆ ಹೊರಟ ದಿನ ನೀನು ನಮ್ಮ ಬಾಗಿಲಲ್ಲೇ ನಿಂತು ಕೊಟ್ಟೆಯಲ್ಲ, ಆ ಗುಂಡಿನ ಪೆಟ್ಟಿಗೆಯನ್ನು ಇವತ್ತು ಒಡೆದೆ. "ಜಿಂಕೆಗೆ ಭಾರದ್ದೇ ಬೇಕು ಮಾರಾಯ, ಅದು ನರಳಬಾರದು" ಎಂದಿದ್ದೆ ನೀನು. ಆಫೀಸಿನ ನಮ್ಮ ಫ್ಲೋರಿನಲ್ಲಿ ಕೆಲಸ ಉಳಿದದ್ದು ನನ್ನದೊಂದೇ.

ನ್ಯೂಯಾರ್ಕ್ ಕಡೆಯ ಶೂಟಿಂಗ್ ರೇಂಜಿನಲ್ಲಿ ಹೊಡೆದು ನೋಡಿದರೆ ಗುರಿಯ ಹಾಳೆಯಲ್ಲಿ ಒಂದೂ ದುಂಡನೆಯ ತೂತಿಲ್ಲ. ಗುಂಡುಗಳು ಅಡ್ಡಡ್ಡ ಹೋಗಿ ಕಾಗದ ಹರಿದಿತ್ತು. ಪಕ್ಕದಲ್ಲಿದ್ದ ಕೊಡಗಿನ ನಾಣಯ್ಯ ಅಂಕಲ್ ನೋಡಿದರು.

"ಗುಂಡು ಒಳ್ಳೇದೇ. ನಿನ್ನ ರೈಫಲ್ ನಳಿಗೆಯೊಳಗೆ ಗುಂಡನ್ನು ಸುತ್ತಿಸೋ ಗೀರುಗಳ ತಿರುವು ನಿಧಾನದ್ದು. ಇಷ್ಟು ಉದ್ದದ, ಭಾರದ ಗುಂಡು ಅದರಲ್ಲಿ ಸಾಕಷ್ಟು ಸುತ್ತಲ್ಲ. ಹಗುರದ್ದು ಹಾಕು."

ಅವರೇ ಕೊಟ್ಟ ಹಗುರದ ಗುಂಡುಗಳು ಒಂದರ ಪಕ್ಕ ಒಂದು ದುಂಡಗೆ ಕೂತವು. ಈ ಸಲ ಜಿಂಕೆ ನರಳುವುದಿಲ್ಲ, ಬಿಡು.

"ಆ ಪೆಟ್ಟಿಗೆ ನನ್ನ ರೈಫಲ್‌ಗೆ ಆಗುತ್ತೆ, ಕೊಡ್ತೀಯಾ?" ಎಂದರು ಅಂಕಲ್.

"ಅದು ಗೆಳೆಯಂದು. ಬಂದು ತಗೊಂಡು ಹೋಗ್ತಾನೆ" ಎಂದೆ.

ಪೆಟ್ಟಿಗೆ ಮತ್ತೆ ಕಪಾಟಿನಲ್ಲಿದೆ. ನಿನ್ನ ವಿಳಾಸ ನನ್ನಲ್ಲಿಲ್ಲ. ಕೇಳಿದರೆ ಯಾರಾದರೂ ಕೊಟ್ಟಾರು.

ಅವತ್ತು ನಾನು ನಿನ್ನನ್ನು ಒಳಗೆ ಕರೆಯಲಿಲ್ಲ. ನಿನ್ನ ಫ್ಲೈಟಿಗೆ ಇನ್ನೂ ತುಂಬ ಹೊತ್ತಿತ್ತು, ಅಲ್ಲವಾ?